ಜಾಹೀರಾತು ಸ್ಟಾರ್ಟಪ್: ದುಡ್ಡು ಹಾಕುವವರು ಯಾರು, ಸಲಹೆಗೆ ಯಾರು? ಅನುಭವ ಇದ್ದವರು ಹೇಳಿ

ನಾಲ್ಕನೇ_ಡ್ರಾಫ್ಟ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾವು ಮೂರು ಜನ ಸೇರಿ ಆನ್‌ಲೈನ್ ಜಾಹೀರಾತಿನ ಕಂಪನಿಯೊಂದನ್ನು ಕಟ್ಟುತ್ತಿದ್ದೇವೆ. ಸುದ್ದಿ ಮತ್ತು ಕ್ರೀಡೆಯ ಸಣ್ಣಪುಟ್ಟ ಸೈಟುಗಳಲ್ಲಿ ಮಾರಾಟವಾಗದೆ ಉಳಿಯುವ ಜಾಗವನ್ನು ಒಟ್ಟುಮಾಡಿ, ಜಾಹೀರಾತುದಾರರ ಪರವಾಗಿ ಜಾಗ ಖರೀದಿಸುವ ಏಜೆನ್ಸಿಗಳಿಗೆ ಮಾರುತ್ತೇವೆ. ಹದಿನೆಂಟು ತಿಂಗಳು ಕೈಯಿಂದಲೇ ಹಾಕಿಕೊಂಡು ನಡೆಸಿದ್ದಾಯಿತು. ಈಗ ಒಂದು ವಿಸಿ (ಸ್ಟಾರ್ಟಪ್‌ಗಳಲ್ಲಿ ಬಂಡವಾಳ ಹೂಡುವ) ಸಂಸ್ಥೆಯಿಂದ ಟರ್ಮ್ ಶೀಟ್, ಅಂದರೆ ಹೂಡಿಕೆಯ ಷರತ್ತುಗಳ ಪತ್ರ, ಬಂದಿದೆ. ಮೊತ್ತದ ಬಗ್ಗೆ ತಕರಾರಿಲ್ಲ, ತಲೆಬಿಸಿ ಬೇರೆಯದು.

ನಮ್ಮ ಪ್ರೆಸೆಂಟೇಶನ್‌ನಲ್ಲಿ 'ಸಲಹೆಗಾರರು' ಅಂತ ಒಂದು ಪುಟವಿದೆ. ಸದ್ಯ ಅದರಲ್ಲಿ ಇರುವುದು ಒಬ್ಬರೇ, ನನ್ನ ಹಳೇ ಮ್ಯಾನೇಜರ್. ಹೂಡಿಕೆದಾರರು ಆ ಪುಟ ನೋಡಿ, "ಇಲ್ಲಿ ನಾಲ್ಕು ದೊಡ್ಡ ಹೆಸರು ಬೇಕು" ಅಂದರು. ಹೆಸರುಗಳನ್ನೂ ಅವರೇ ಕೊಟ್ಟರು. ಅದರಲ್ಲಿ ಒಬ್ಬರು ದೊಡ್ಡ ಏಜೆನ್ಸಿಯೊಂದರಲ್ಲಿ ಇವತ್ತಿಗೂ ಮೀಡಿಯಾ ಖರೀದಿ ನೋಡಿಕೊಳ್ಳುವವರು. ಶೇ 1ರಷ್ಟು ಷೇರು ಕೇಳುತ್ತಿದ್ದಾರೆ, ವೆಸ್ಟಿಂಗ್ (ಷೇರು ಕಂತುಕಂತಾಗಿ ಕೈಗೆ ಬರುವುದು) ಇಲ್ಲದೆ, ಸಹಿ ಹಾಕಿದ ದಿನವೇ ಪೂರ್ತಿ. ಉಳಿದವರನ್ನು ನಾನು ಒಮ್ಮೆಯೂ ಭೇಟಿಯಾಗಿಲ್ಲ.

ಹೆಸರಿಗೋಸ್ಕರ ಷೇರು ಕೊಡಬಹುದಾ? ಈ ಧಂದೆಯಲ್ಲಿ ಹೂಡಿಕೆದಾರರಿಂದ ಏನು ನಿರೀಕ್ಷಿಸಬೇಕು? ತಪ್ಪು ಮಾಡಿದರೆ ನಮ್ಮ ಜೊತೆ ಸೈಟು ನಡೆಸುವವರೂ ಮುಳುಗುತ್ತಾರೆ, ಅದಕ್ಕೇ ಕೇಳುತ್ತಿದ್ದೇನೆ.

ಓದುಗ_ಮೂರು:

ಹಾಕಿಬಿಡಿ ಸರ್. ಶುರುವಿನಲ್ಲಿ ನಂಬಿಕೆ ಹುಟ್ಟುವುದೇ ಹೆಸರಿನಿಂದ. ಗೂಗಲ್‌ಗೆ ಸನ್ ಮೈಕ್ರೋಸಿಸ್ಟಮ್ಸ್ ಕಟ್ಟಿದವರಲ್ಲಿ ಒಬ್ಬರಾದ ಆ್ಯಂಡಿ ಬೆಕ್ಟೋಲ್‌ಶೈಮ್ ಚೆಕ್ ಬರೆದುಕೊಟ್ಟ ಮೇಲೆ ತಾನೇ ಬೇರೆಯವರೂ ಬಂದಿದ್ದು?

ಸಣ್ಣ_ಹೂಡಿಕೆ:

ಓದುಗ_ಮೂರು ಅವರೇ, ಆ ಉದಾಹರಣೆ ನಿಮ್ಮ ಮಾತಿಗೆ ಉಲ್ಟಾ ಹೊಡೆಯುತ್ತದೆ. ಬೆಕ್ಟೋಲ್‌ಶೈಮ್ ಕೊಟ್ಟಿದ್ದು ಹೆಸರಲ್ಲ, ದುಡ್ಡು. 1998ರ ಆಗಸ್ಟ್‌ನಲ್ಲಿ 1 ಲಕ್ಷ ಡಾಲರ್ ಚೆಕ್ಕನ್ನು 'ಗೂಗಲ್ ಇಂಕ್' ಹೆಸರಿಗೇ ಬರೆದರು. ಆಗಿನ್ನೂ ಆ ಹೆಸರಿನ ಕಂಪನಿ ನೋಂದಣಿಯೇ ಆಗಿರಲಿಲ್ಲ. ಅವರ ಜೊತೆಗೆ ಬಂದವರು ಸ್ಟ್ಯಾನ್‌ಫರ್ಡ್ ಪ್ರಾಧ್ಯಾಪಕ ಡೇವಿಡ್ ಚೆರಿಟನ್, ರಾಮ್ ಶ್ರೀರಾಮ್, ಜೆಫ್ ಬೆಜೋಸ್. ಶ್ರೀರಾಮ್ ಅವರನ್ನು ಗಮನಿಸಿ: ನೆಟ್‌ಸ್ಕೇಪ್‌ನಲ್ಲಿ ಇದ್ದವರು, ಆಮೇಲೆ ಜಂಗ್ಲೀ ಕಂಪನಿ ಅಮೆಜಾನ್ ಪಾಲಾದಾಗ ಅಮೆಜಾನ್‌ಗೆ ಹೋದವರು. ಬೆಜೋಸ್ ಪರಿಚಯವಾದದ್ದು ಅವರ ಮೂಲಕ. ಅವರು ಗೂಗಲ್‌ನ ಬೋರ್ಡಿನಲ್ಲಿ ಕೂತು ಕೆಲಸ ಮಾಡಿದರು, ಪುಟದಲ್ಲಿ ಫೋಟೊ ಆಗಿ ಉಳಿಯಲಿಲ್ಲ.

ಇನ್ನೊಂದು ವಿಷಯ. ಇವರೆಲ್ಲ ದುಡ್ಡು ಹಾಕಿದಾಗ ಗೂಗಲ್‌ಗೆ ಜಾಹೀರಾತಿನ ವ್ಯಾಪಾರವೇ ಇರಲಿಲ್ಲ. 1999ರ ಜೂನ್‌ನಲ್ಲಿ ವಿಸಿ ಸಂಸ್ಥೆಗಳಾದ ಸಿಕ್ವೊಯಾ ಮತ್ತು ಕ್ಲೈನರ್ ಪರ್ಕಿನ್ಸ್ ಸೇರಿ 2.5 ಕೋಟಿ ಡಾಲರ್ ಕೊಟ್ಟಾಗಲೂ ಇರಲಿಲ್ಲ. ಅದರ ಜಾಹೀರಾತು ಮಾರುವ ವ್ಯವಸ್ಥೆ ಆ್ಯಡ್‌ವರ್ಡ್ಸ್ ಬಂದಿದ್ದು 2000ದ ಅಕ್ಟೋಬರ್‌ನಲ್ಲಿ. ಕ್ಲಿಕ್ಕಿಗೆ ಹರಾಜು ಹಾಕುವ ದಾರಿಯನ್ನು ಮೊದಲು ತುಳಿದವರು ಐಡಿಯಾಲ್ಯಾಬ್‌ನ ಬಿಲ್ ಗ್ರಾಸ್, 1998ರಲ್ಲಿ, ಗೋಟು ಡಾಟ್ ಕಾಮ್ ಅನ್ನುವ ಹುಡುಕಾಟದ ಸೈಟಿನ ಮೂಲಕ. ಅದೇ ಮುಂದೆ ಓವರ್ಚರ್ ಆಗಿ 2003ರಲ್ಲಿ ಯಾಹೂ ಪಾಲಾಯಿತು. ಅಂದರೆ ಗೂಗಲ್‌ನ ಬೆನ್ನಿಗೆ ನಿಂತವರಿಗೆ ಆದಾಯ ಕಾಣುವ ತನಕ ಕಾಯುವ ತಾಳ್ಮೆಯಿತ್ತು. ನಿಮ್ಮ ಹೂಡಿಕೆದಾರರಿಗೆ ಅದು ಇದೆಯಾ ಅಂತ ಕೇಳಿದ್ದೀರಾ?

ನಾನು ಸಣ್ಣ ಮಟ್ಟದಲ್ಲಿ ಏಂಜೆಲ್ ಹೂಡಿಕೆ (ಶುರುವಿನ ಕಂಪನಿಗಳಿಗೆ ಸ್ವಂತ ದುಡ್ಡು ಹಾಕುವುದು) ಮಾಡುತ್ತೇನೆ. ನನ್ನ ಮುಂದೆ ಯಾರಾದರೂ ನಾಲ್ಕು ಫೋಟೊ ಇರುವ ಪುಟ ಇಟ್ಟರೆ ನಾನು ಆ ನಾಲ್ವರಿಗೂ ಫೋನ್ ಮಾಡುತ್ತೇನೆ. "ಹೋದ ತಿಂಗಳು ಇವರ ಜೊತೆ ಏನು ಮಾತಾಡಿದಿರಿ?" ಅಂತ ಒಂದೇ ಪ್ರಶ್ನೆ. ಎಷ್ಟೋ ಸಲ ಆ ಕಡೆಯವರಿಗೆ ಕಂಪನಿಯ ಹೆಸರೇ ನೆನಪಿಗೆ ಬಂದಿಲ್ಲ.

ಬಾಕಿ_ಲೆಕ್ಕ:

ನಾನು ಲೆಕ್ಕಪತ್ರದ ಕಡೆಯವಳು. ಏಳು ವರ್ಷ ಒಂದು ಜಾಹೀರಾತು ನೆಟ್‌ವರ್ಕ್‌ನಲ್ಲಿ ಕೆಲಸ ಮಾಡಿದೆ. ಸಲಹೆಗಾರರ ಪುಟದ ಬಗ್ಗೆ ಬೇರೆಯವರು ಹೇಳಲಿ, ಹೂಡಿಕೆದಾರರ ಬಗ್ಗೆ ನಾನು ಹೇಳುತ್ತೇನೆ.

ಈ ಧಂದೆಯಲ್ಲಿ ದುಡ್ಡು ಬರುವ ದಿನ ಬೇರೆ, ಹೋಗುವ ದಿನ ಬೇರೆ. ಸೈಟಿನವರಿಗೆ 30 ದಿನದಲ್ಲಿ ಕೊಡುತ್ತೀರಿ ಅಂತ ಇಟ್ಟುಕೊಳ್ಳಿ. ಏಜೆನ್ಸಿ ನಿಮಗೆ ಕೊಡುವುದು 90 ದಿನಕ್ಕೆ. ತಿಂಗಳಿಗೆ 100 ರೂಪಾಯಿ ವ್ಯಾಪಾರ, ಅದರಲ್ಲಿ 80 ಸೈಟುಗಳದ್ದು, 20 ನಿಮ್ಮದು. ನಡುವಿನ ಎರಡು ತಿಂಗಳಿಗೆ ನೀವು 160 ರೂಪಾಯಿ ಕೈಯಿಂದ ಹಾಕಿರಬೇಕು. ವ್ಯಾಪಾರ 200 ಆಯಿತು, ಎಲ್ಲರೂ ಖುಷಿಪಟ್ಟರು. ಈಗ ನೀವು ಹಾಕಿರಬೇಕಾದ್ದು 320. ಬೆಳೆದಷ್ಟೂ ನಗದು ಬತ್ತುತ್ತದೆ. ಲಾಭ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತಿರುತ್ತದೆ, ಬ್ಯಾಂಕ್ ಖಾತೆ ಮಾತ್ರ ಖಾಲಿ.

ಇದರ ಮೇಲೆ ಇನ್ನೊಂದು ಕರಾರು. 'ಗ್ರಾಹಕ ನಮಗೆ ಕೊಟ್ಟರೆ ಮಾತ್ರ ನಾವು ನಿಮಗೆ ಕೊಡುತ್ತೇವೆ' ಅಂತ ಏಜೆನ್ಸಿ ಬರೆಸಿಕೊಳ್ಳುತ್ತದೆ. ಸೀಕ್ವೆನ್ಷಿಯಲ್ ಲಯಬಿಲಿಟಿ ಅನ್ನುತ್ತಾರೆ. ಸರಪಳಿಯಲ್ಲಿ ಮೇಲಿನ ಒಂದು ಕೊಂಡಿ ಕಳಚಿದರೆ ಕೆಳಗಿನವರೆಲ್ಲ ಕೈಚೆಲ್ಲಬೇಕು.

ಜಾಹೀರಾತು ತಂತ್ರಜ್ಞಾನದ ಕಂಪನಿ ಸಿಜ್‌ಮೆಕ್‌ನ ಪ್ರಕರಣ ನೋಡಿ. ವೆಕ್ಟರ್ ಕ್ಯಾಪಿಟಲ್ ಅನ್ನುವ ಹೂಡಿಕೆ ಸಂಸ್ಥೆ ಅದನ್ನು 2016ರಲ್ಲಿ ಕೊಂಡಿತ್ತು. ಮರುವರ್ಷ ಇನ್ನೊಂದು ಜಾಹೀರಾತು ಕಂಪನಿ ರಾಕೆಟ್ ಫ್ಯೂಯಲ್ ಅನ್ನೂ ಅದರೊಳಗೆ ಸೇರಿಸಿತು. ರಾಕೆಟ್ ಫ್ಯೂಯಲ್ 2013ರಲ್ಲಿ ಷೇರುಪೇಟೆಗೆ ಬಂದದ್ದು ಷೇರಿಗೆ 29 ಡಾಲರ್‌ಗೆ, ಮಾರಾಟವಾದದ್ದು 2.60 ಡಾಲರ್‌ಗೆ. 2019ರ ಮಾರ್ಚ್‌ನಲ್ಲಿ ಸಿಜ್‌ಮೆಕ್ ದಿವಾಳಿ ಅರ್ಜಿ ಹಾಕಿತು. ಒಳ್ಳೆಯ ಭಾಗಗಳನ್ನು ಅಮೆಜಾನ್, ಝೀಟಾ ಗ್ಲೋಬಲ್ ಕೊಂಡುಕೊಂಡವು. ಬಾಕಿ ಬರಬೇಕಿದ್ದ ಎಕ್ಸ್‌ಚೇಂಜ್‌ಗಳು (ಜಾಹೀರಾತಿನ ಜಾಗ ಹರಾಜು ಹಾಕುವ ಮಾರುಕಟ್ಟೆಗಳು) ಸಾಲಿನಲ್ಲಿ ನಿಂತವು. 2023ರ ಜೂನ್ ಕೊನೆಗೆ ಜಾಹೀರಾತು ಖರೀದಿಯ ಕಂಪನಿ ಮೀಡಿಯಾಮ್ಯಾತ್‌ನ ಕಥೆಯೂ ಹಾಗೇ ಆಯಿತು. ಮ್ಯಾಗ್ನೈಟ್, ಪಬ್‌ಮ್ಯಾಟಿಕ್‌ನಂಥ ದೊಡ್ಡ ಎಕ್ಸ್‌ಚೇಂಜ್‌ಗಳಿಗೇ ಕೋಟಿಗಟ್ಟಲೆ ಡಾಲರ್ ಬಾಕಿ ನಿಂತಿತ್ತು. ಎರಡೂ ಕಂಪನಿಗಳ ಹಿಂದೆ ಇದ್ದವರು ದುಡ್ಡಿಲ್ಲದವರಲ್ಲ, ದೊಡ್ಡ ಸಂಸ್ಥೆಗಳೇ.

ನಾನಿದ್ದ ಕಡೆ ಪ್ರತಿ ತಿಂಗಳ ಕೊನೇ ಶುಕ್ರವಾರ ಎಕ್ಸೆಲ್ ಶೀಟಿನಲ್ಲಿ ಯಾರಿಗೆ ಕೊಡುವುದು, ಯಾರಿಗೆ ತಳ್ಳುವುದು ಅಂತ ಬಣ್ಣ ಹಾಕುತ್ತಿದ್ದೆವು. ಹಸಿರು ಅಂದರೆ ಇವತ್ತು, ಹಳದಿ ಅಂದರೆ ಮುಂದಿನ ವಾರ, ಕೆಂಪು ಅಂದರೆ ಫೋನ್ ಎತ್ತಬೇಡಿ. ಕೆಂಪಿನಲ್ಲಿದ್ದ ಒಬ್ಬರು ಇಬ್ಬರೇ ಕೂತು ಸೈಟು ನಡೆಸುತ್ತಿದ್ದರು. ಅವರ ಕರೆಯನ್ನು ನಾನು ಹನ್ನೊಂದು ಸಲ ಎತ್ತಲಿಲ್ಲ. ಆಗ ಬೋರ್ಡಿನಲ್ಲಿದ್ದ ಹೂಡಿಕೆದಾರರು ಕೇಳುತ್ತಿದ್ದದ್ದು ಮುಂದಿನ ತ್ರೈಮಾಸಿಕ ಎಷ್ಟು ಪಟ್ಟು ಬೆಳೆಯುತ್ತೀರಿ ಅಂತ ಮಾತ್ರ. ವಸೂಲಿ ಪಟ್ಟಿ (ಯಾರಿಂದ ಎಷ್ಟು ದಿನದಿಂದ ಎಷ್ಟು ಬರಬೇಕು ಅನ್ನುವುದು) ತೋರಿಸಿ ಅಂತ ಒಬ್ಬರೂ ಕೇಳಲಿಲ್ಲ.

ದಯವಿಟ್ಟು ಈ ಮಾತು ಕೇಳಿ: ನಿಮ್ಮ ಹೂಡಿಕೆದಾರರ ಮುಂದೆ ವಸೂಲಿ ಪಟ್ಟಿ ಇಟ್ಟು ನೋಡಿ. 60 ದಿನ ದಾಟಿದ ಬಾಕಿಗಳನ್ನು ಅವರು ಮೊದಲು ಓದಿದರೆ ಅವರಿಗೆ ಧಂದೆ ಗೊತ್ತು. ವಸೂಲಿಯ ನಡುವಿನ ಅಂತರಕ್ಕೆ ಷೇರು ಮಾರಿದ ದುಡ್ಡು ಸುರಿಯಬೇಡಿ. ಅದಕ್ಕೆ ಬ್ಯಾಂಕಿನ ಸಾಲದ ಮಿತಿ ಇದೆ, ಇನ್‌ವಾಯ್ಸ್ ಮೇಲೆ ಸಾಲ ಕೊಡುವವರಿದ್ದಾರೆ. ಹಾಗೆ ಸಾಲ ಕೊಡಿಸುವ ಪರಿಚಯ ಇರುವ ಹೂಡಿಕೆದಾರರು ಸಿಕ್ಕರೆ ಕಂಪನಿಗೆ ಅವರು ಕಟ್ಟುವ ಬೆಲೆ ಸ್ವಲ್ಪ ಕಡಿಮೆಯಾದರೂ ಅವರನ್ನೇ ಹಿಡಿಯಿರಿ.

ನಾಲ್ಕನೇ_ಡ್ರಾಫ್ಟ್:

ಬಾಕಿ_ಲೆಕ್ಕ ಮೇಡಂ, ನಿಮ್ಮ ಪೋಸ್ಟ್ ಓದಿ ನಮ್ಮ ಶೀಟ್ ತೆಗೆದು ನೋಡಿದೆ. ನಾವು ಸೈಟಿನವರಿಗೆ 45 ದಿನ ಅಂದಿದ್ದೇವೆ. ಏಜೆನ್ಸಿಗಳಿಂದ ಸರಾಸರಿ 82ನೇ ದಿನಕ್ಕೆ ಬರುತ್ತಿದೆ. ಇದನ್ನು ಒಟ್ಟಾಗಿ ಒಂದೇ ಕಡೆ ಇಟ್ಟು ನೋಡಿದ್ದು ಇವತ್ತೇ ಮೊದಲು.

ಹಳೇ_ಏಜೆನ್ಸಿ:

ಹದಿನಾಲ್ಕು ವರ್ಷ ಮೀಡಿಯಾ ಖರೀದಿಯಲ್ಲಿದ್ದೆ, ಈಗ ಬಿಟ್ಟಿದ್ದೇನೆ. ಆ ಶೇ 1ರ ವಿಷಯಕ್ಕೆ ಬರುತ್ತೇನೆ.

ಬೇಡ. ಆ ವ್ಯಕ್ತಿ ಒಳ್ಳೆಯವರೋ ಕೆಟ್ಟವರೋ ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ. ಅವರು ಇವತ್ತೂ ಬೇರೆಯವರ ದುಡ್ಡಿನಲ್ಲಿ ಜಾಹೀರಾತು ಖರೀದಿಸುತ್ತಿದ್ದಾರೆ. ನಿಮ್ಮ ಷೇರು ಅವರ ಜೇಬಿನಲ್ಲಿದ್ದರೆ, ಮೀಡಿಯಾ ಪ್ಲಾನ್‌ನಲ್ಲಿ ನಿಮ್ಮ ಕಂಪನಿಯ ಸಾಲು ಸೇರಿಸುವ ಪ್ರತಿ ಸಲವೂ ಅವರು ಗ್ರಾಹಕನ ದುಡ್ಡಿನಿಂದ ತಮ್ಮ ಷೇರಿನ ಬೆಲೆ ಏರಿಸುತ್ತಿರುತ್ತಾರೆ. ಗ್ರಾಹಕನಿಗೆ ಅದು ಗೊತ್ತೇ ಇಲ್ಲದಿದ್ದರೆ ಅದಕ್ಕೆ ಲಂಚ ಅನ್ನದೆ ಬೇರೆ ಹೆಸರು ನನಗೆ ತೋಚುವುದಿಲ್ಲ.

2016ರ ಜೂನ್‌ನಲ್ಲಿ ಅಮೆರಿಕದ ಜಾಹೀರಾತುದಾರರ ಸಂಘ ಎಎನ್‌ಎ, ಕೆ2 ಇಂಟೆಲಿಜೆನ್ಸ್ ಕೈಲಿ ತನಿಖೆ ಮಾಡಿಸಿ ವರದಿ ಹೊರತಂದಿತು. ಏಜೆನ್ಸಿಗಳಿಗೆ ಗ್ರಾಹಕರ ಕಣ್ಣಿಗೆ ಬೀಳದ ಹಾಗೆ ರಿಬೇಟ್ (ಖರೀದಿ ಮಾಡಿದ್ದಕ್ಕೆ ವಾಪಸು ಕೊಡುವ ದುಡ್ಡು) ಹೋಗುತ್ತದೆ ಅನ್ನುವುದು ಅದರಲ್ಲಿ ದಾಖಲಾಯಿತು. ಅದಾದ ಮೇಲೆ ದೊಡ್ಡ ಗ್ರಾಹಕರು ಕರಾರುಗಳನ್ನು ತಿದ್ದಿದರು, ಆಡಿಟ್ ಹಕ್ಕು ಸೇರಿಸಿದರು. ನಾಳೆ ಅಂಥ ಆಡಿಟ್‌ನಲ್ಲಿ ನಿಮ್ಮ ಕ್ಯಾಪ್ ಟೇಬಲ್ (ಯಾರ ಬಳಿ ಎಷ್ಟು ಷೇರು ಅನ್ನುವ ಪಟ್ಟಿ) ಹೊರಬಿದ್ದರೆ ಆ ಏಜೆನ್ಸಿ ನಿಮ್ಮನ್ನು ಪಟ್ಟಿಯಿಂದ ತೆಗೆಯುತ್ತದೆ, ಅದನ್ನು ನೋಡಿ ಉಳಿದ ಏಜೆನ್ಸಿಗಳೂ.

ನನಗೂ ಒಮ್ಮೆ ಹೀಗೆ ಷೇರು ಕೊಡಲು ಬಂದಿದ್ದರು. ಪ್ರಾಡಕ್ಟ್ ಚೆನ್ನಾಗಿತ್ತು, ಹುಡುಗರೂ ಒಳ್ಳೆಯವರು. ನಾನು ಒಪ್ಪಲಿಲ್ಲ. ಒಪ್ಪದಿದ್ದಕ್ಕೇ ಆಮೇಲೆ ಅವರ ಪ್ರಾಡಕ್ಟನ್ನು ಗ್ರಾಹಕರ ಮುಂದೆ ಧೈರ್ಯವಾಗಿ ಶಿಫಾರಸು ಮಾಡಲು ಆಯಿತು. ಏಜೆನ್ಸಿ ಬಿಟ್ಟು ಒಂದೆರಡು ವರ್ಷವಾದವರನ್ನು ಹುಡುಕಿ. ಖರೀದಿಯವರು ಹೇಗೆ ಯೋಚಿಸುತ್ತಾರೆ ಅನ್ನುವುದು ಅವರಿಗೂ ಅಷ್ಟೇ ಗೊತ್ತಿರುತ್ತದೆ.

ಓದುಗ_ಮೂರು:

ಒಂದು ಅನುಮಾನ. ಏಜೆನ್ಸಿ ಸಮೂಹಗಳೇ ಬಹಿರಂಗವಾಗಿ ಹೂಡಿಕೆ ಮಾಡಿಲ್ಲವೇ? ಅಂಥ ಸಮೂಹ ಡಬ್ಲ್ಯುಪಿಪಿ, ಜಾಹೀರಾತು ಎಕ್ಸ್‌ಚೇಂಜ್ ನಡೆಸುತ್ತಿದ್ದ ಆ್ಯಪ್‌ನೆಕ್ಸಸ್‌ನಲ್ಲಿ ಪಾಲು ತೆಗೆದುಕೊಂಡಿತ್ತಲ್ಲ. ಮೈಕ್ರೋಸಾಫ್ಟ್ ಕೂಡ ಅದರಲ್ಲಿ ದುಡ್ಡು ಹಾಕಿತ್ತು.

ಕರಾರು_ಓದುವವಳು:

ಹೌದು. ಬಹಿರಂಗವಾಗಿ ಹಾಕಿದ್ದು ಅನ್ನುವುದೇ ಅಲ್ಲಿ ವ್ಯತ್ಯಾಸ. ಅವು ಸಂಸ್ಥೆಗಳು ಮಾಡಿದ ಹೂಡಿಕೆ, ಎಲ್ಲರಿಗೂ ತಿಳಿದಿತ್ತು. ಇಲ್ಲಿ ಕೇಳುತ್ತಿರುವುದು ಒಬ್ಬ ನೌಕರ, ತನ್ನ ಸ್ವಂತಕ್ಕೆ.

ಆದರೂ ವ್ಯಾಪಾರ ಸಂಬಂಧ ಇರುವ ಹೂಡಿಕೆದಾರರ ವಿಷಯದಲ್ಲಿ ಎಚ್ಚರ ಬೇಕು. ಆ್ಯಪ್‌ನೆಕ್ಸಸ್ ಹಾದಿಯನ್ನೇ ನೋಡಿ: 2010ರಲ್ಲಿ ಮೈಕ್ರೋಸಾಫ್ಟ್ ಹೂಡಿಕೆದಾರನಾಗಿ ಬಂತು. 2018ರಲ್ಲಿ ಕಂಪನಿ ಎಟಿ ಆ್ಯಂಡ್ ಟಿ ಪಾಲಾಗಿ ಝ್ಯಾಂಡರ್ ಆಯಿತು. 2022ರಲ್ಲಿ ಅದೇ ಮೈಕ್ರೋಸಾಫ್ಟ್ ಅದನ್ನು ಪೂರ್ತಿ ಕೊಂಡುಕೊಂಡಿತು. ಇವತ್ತು ನಿಮ್ಮ ಮೇಜಿನ ಆ ಕಡೆ ಕೂತ ಹೂಡಿಕೆದಾರ ನಾಳೆ ಮಾಲೀಕನಾಗಬಹುದು, ನಿಮ್ಮ ಪ್ರತಿಸ್ಪರ್ಧಿಯ ಮಾಲೀಕನೂ ಆಗಬಹುದು. ಆದ್ದರಿಂದ ಕಂಪನಿ ಮಾರುವಾಗ 'ಮೊದಲು ನಮಗೇ ಕೊಡಬೇಕು' ಅನ್ನುವ ಹಕ್ಕನ್ನು ಅಂಥವರಿಗೆ ಬರೆದುಕೊಡಬೇಡಿ. ಆ ಒಂದು ಸಾಲಿದ್ದರೆ ಬೇರೆ ಯಾರೂ ಮನಸ್ಸಿಟ್ಟು ಬೆಲೆ ಹೇಳಲು ಬರುವುದಿಲ್ಲ. ಗ್ರಾಹಕವಾರು ದರ ನೋಡುವ ಹಕ್ಕೂ ಬೇಡ.

ಸಲಹೆಗಾರರ ಒಪ್ಪಂದಕ್ಕೆ ಬರೋಣ. ಫೌಂಡರ್ ಇನ್‌ಸ್ಟಿಟ್ಯೂಟ್‌ನ 'ಫಾಸ್ಟ್' ಅನ್ನುವ ಸಿದ್ಧ ನಮೂನೆಯನ್ನು ಬಹಳ ಜನ ಬಳಸುತ್ತಾರೆ. ಅದರಲ್ಲಿ ಶೇ 1 ಅನ್ನುವುದು ತೀರಾ ಮೇಲ್ತುದಿ, ಶುರುವಿನ ಹಂತದಲ್ಲಿ ಕೈಯಾರೆ ಕೆಲಸ ಮಾಡುವ ಪರಿಣತರಿಗೆ. ಷೇರು ಎರಡು ವರ್ಷದಲ್ಲಿ ತಿಂಗಳಿಗಿಷ್ಟು ಅಂತ ಕೈಗೆ ಬರುತ್ತದೆ, ಮೊದಲ ಮೂರು ತಿಂಗಳು ಕ್ಲಿಫ್, ಅಂದರೆ ಅದಕ್ಕೂ ಮೊದಲೇ ಬಿಟ್ಟರೆ ಏನೂ ಇಲ್ಲ. ಸಹಿ ಹಾಕಿದ ದಿನವೇ ಪೂರ್ತಿ ಕೊಡಿ ಅಂದರೆ ನಾನಾದರೆ ಮಾತು ಅಲ್ಲಿಗೇ ನಿಲ್ಲಿಸುತ್ತೇನೆ. ತಿಂಗಳಿಗೆ ಎಷ್ಟು ಗಂಟೆ, ಯಾವ ಕೆಲಸ, ಬೇರೆ ಯಾವ ಕಂಪನಿಗಳಲ್ಲಿ ಪಾಲಿದೆ, ಅವರ ಉದ್ಯೋಗದಾತರ ಒಪ್ಪಿಗೆ ಇದೆಯೇ: ಇಷ್ಟು ಲಿಖಿತವಾಗಿ ಬೇಕು. ಹೆಸರು, ಫೋಟೊ ಬಳಸಲೂ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ.

ಇನ್ನೊಂದನ್ನು ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಸಲಹೆಗಾರರು ನಿರ್ದೇಶಕರಲ್ಲ. ಕಂಪನಿ ಮುಳುಗಿದರೆ ಕಾನೂನಿನ ಮುಂದೆ ನಿಲ್ಲಬೇಕಾದವರು ನೀವು ಮತ್ತು ಬೋರ್ಡು. ಸಲಹೆಗಾರರ ಪುಟ ಎಷ್ಟು ಹೊಳೆದರೂ ಆ ಹೊತ್ತಿಗೆ ನೆರವಿಗೆ ಬರುವುದಿಲ್ಲ.

ಸರ್ವರ್_ಕೋಣೆ:

ಸಲಹೆಗಾರರಿಂದ ನಿಜವಾಗಿ ಏನು ಸಿಗುತ್ತದೆ ಅಂತ ಒಂದು ಘಟನೆ ಹೇಳುತ್ತೇನೆ. ನಾನು ಎಂಜಿನಿಯರ್. ನಾವು ಎಕ್ಸ್‌ಚೇಂಜ್ ಕಟ್ಟುತ್ತಿದ್ದಾಗ ಸಲಹೆಗಾರರಾಗಿ ಬಂದವರು ಒಬ್ಬ ಹಿರಿಯ ಎಂಜಿನಿಯರ್, ಹೊರಗೆ ಯಾರಿಗೂ ಅವರ ಹೆಸರು ಗೊತ್ತಿಲ್ಲ. ಮೊದಲ ಭೇಟಿಗೇ, "ಪ್ರೆಸೆಂಟೇಶನ್ ಬೇಡ, ನಿನ್ನೆಯ ಲಾಗ್ ತೆಗೀರಿ" ಅಂದರು. ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು. ನಮ್ಮ ಅತಿ ಹೆಚ್ಚು ಆದಾಯದ ಸೈಟನ್ನು ಆರಿಸಿ, ಕ್ಲಿಕ್‌ಗಳನ್ನು ಗಂಟೆವಾರು ಜೋಡಿಸಿದರು. ಬೆಳಗಿನ ಜಾವ ಮೂರಕ್ಕೂ ಸಂಜೆ ಏಳಕ್ಕೂ ಒಂದೇ ಎತ್ತರದ ಗೆರೆ. "ಮನುಷ್ಯರು ಮಲಗುತ್ತಾರೆ" ಅಂದರು, ಅಷ್ಟೇ. ಆಮೇಲೆ ನೋಡಿದರೆ ಕ್ಲಿಕ್‌ಗಳೆಲ್ಲ ಡೇಟಾ ಸೆಂಟರ್ ವಿಳಾಸಗಳಿಂದ, ಅಂದರೆ ಯಂತ್ರಗಳಿಂದ, ಬರುತ್ತಿದ್ದವು. ಆ ಸೈಟನ್ನು ಅವತ್ತೇ ಮುಚ್ಚಿದೆವು, ಆ ತಿಂಗಳ ಆದಾಯದ ಮೂರನೇ ಒಂದು ಭಾಗ ಹೋಯಿತು.

ಇದು 2016ಕ್ಕೂ ಮೊದಲಿನ ಮಾತು. ಆ ವರ್ಷದ ಡಿಸೆಂಬರ್‌ನಲ್ಲಿ ಜಾಹೀರಾತು ಮೋಸ ಪತ್ತೆ ಮಾಡುವ ವೈಟ್ ಆಪ್ಸ್ ಸಂಸ್ಥೆ ಮೆತ್‌ಬಾಟ್ ಜಾಲವನ್ನು ಬಯಲು ಮಾಡಿತು. ಸಾವಿರಾರು ಪ್ರತಿಷ್ಠಿತ ಸೈಟುಗಳ ಹೆಸರನ್ನು ನಕಲು ಮಾಡಿ, ಮನುಷ್ಯರಂತೆ ನಟಿಸುವ ಪ್ರೋಗ್ರಾಂಗಳಾದ ಬಾಟ್‌ಗಳಿಗೆ ವಿಡಿಯೊ ಜಾಹೀರಾತು ತೋರಿಸುತ್ತಿದ್ದ ಜಾಲ ಅದು. ಯಾರು ಯಾರ ಜಾಗ ಮಾರಬಹುದು ಅಂತ ಸೈಟಿನವರೇ ಘೋಷಿಸುವ ಆ್ಯಡ್ಸ್ ಡಾಟ್ ಟಿಎಕ್ಸ್‌ಟಿ ಪದ್ಧತಿ 2017ರಲ್ಲಿ ಬಂತು. ಅದಕ್ಕೂ ಮೊದಲೇ ನಮಗೆ ಎಚ್ಚರಿಕೆ ಕೊಟ್ಟದ್ದು ಆ ಹಿರಿಯರ ಒಂದು ಮಾತು. ಆ ತಿಂಗಳ ಬೋರ್ಡ್ ಸಭೆಯಲ್ಲಿ ಆದಾಯ ಯಾಕೆ ಬಿತ್ತು ಅಂತ ಹೂಡಿಕೆದಾರರು ಕೇಳಿದಾಗ, ಆ ಹಿರಿಯರು ಆಹ್ವಾನವಿಲ್ಲದೆಯೂ ಬಂದು ನಮ್ಮ ಪರವಾಗಿ ವಿವರಿಸಿದರು. ಅವರಿಗೆ ಕೊಟ್ಟದ್ದು ಶೇ 0.25. ಈಗ ಯೋಚಿಸಿದರೆ ಕಡಿಮೆಯಾಯಿತು ಅನಿಸುತ್ತದೆ.

ಖಾಸಗಿ_ಮಾತು:

ಎಲ್ಲರೂ ದುಡ್ಡು, ಬಾಟ್ ಬಗ್ಗೆ ಹೇಳಿದಿರಿ. ಜನರ ಖಾಸಗಿತನದ ಬಗ್ಗೆ ಗೊತ್ತಿರುವ ಒಬ್ಬರು ಮೊದಲ ದಿನದಿಂದ ಇರಬೇಕು. ಆನ್‌ಲೈನ್ ಜಾಹೀರಾತಿನ ಕಂಪನಿ ಡಬಲ್‌ಕ್ಲಿಕ್ 1999ರಲ್ಲಿ ಅಬಾಕಸ್ ಡೈರೆಕ್ಟ್ ಅನ್ನು ಕೊಂಡಿತು. ಅಬಾಕಸ್ ಬಳಿ ಅಂಚೆ ಕ್ಯಾಟಲಾಗ್ ಖರೀದಿದಾರರ ಹೆಸರು, ವಿಳಾಸ ಇದ್ದವು. ಅದನ್ನು ಬ್ರೌಸಿಂಗ್ ಮಾಹಿತಿಗೆ ಹೊಂದಿಸುವ ಯೋಜನೆ ಹೊರಬಿದ್ದಾಗ ದೊಡ್ಡ ಗಲಾಟೆಯಾಯಿತು, ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಎಫ್‌ಟಿಸಿಯ ವಿಚಾರಣೆ ಶುರುವಾಯಿತು. 2000ದ ಮಾರ್ಚ್‌ನಲ್ಲಿ ಸಿಇಒ ಕೆವಿನ್ ಓ'ಕಾನರ್ ತಪ್ಪಾಯಿತು ಅಂತ ಒಪ್ಪಿ ಯೋಜನೆ ನಿಲ್ಲಿಸಿದರು. ಜೂಲ್ಸ್ ಪೊಲೊನೆಟ್ಸ್ಕಿ ಅವರನ್ನು ಖಾಸಗಿತನದ ಮುಖ್ಯ ಅಧಿಕಾರಿಯಾಗಿ ತಂದದ್ದು, ಸಲಹಾ ಮಂಡಳಿ ಮಾಡಿದ್ದು, ಎಲ್ಲ ಆ ಗಲಾಟೆಯ ಹೊತ್ತಿಗೆ. ಆರು ತಿಂಗಳು ಮೊದಲೇ ಅವರು ಕೋಣೆಯಲ್ಲಿದ್ದಿದ್ದರೆ?

ಮೊಬೈಲ್ ಜಾಹೀರಾತಿನ ಕಂಪನಿ ಇನ್‌ಮೊಬಿಯನ್ನೂ ನೋಡಿ. ದುಡ್ಡು ಹಾಕಿದವರು ಮುಂಬೈ ಏಂಜೆಲ್ಸ್, ಆಮೇಲೆ ಕ್ಲೈನರ್ ಪರ್ಕಿನ್ಸ್ ಮತ್ತು ರಾಮ್ ಶ್ರೀರಾಮ್ ಅವರ ಹೂಡಿಕೆ ಸಂಸ್ಥೆ ಶೆರ್ಪಾಲೊ, 2011ರಲ್ಲಿ ಸಾಫ್ಟ್‌ಬ್ಯಾಂಕ್‌ನ 20 ಕೋಟಿ ಡಾಲರ್. ಇದಕ್ಕಿಂತ ದೊಡ್ಡ ಹೆಸರುಗಳು ಬೇಕೇ? ಆದರೂ 2016ರಲ್ಲಿ, ಒಪ್ಪಿಗೆಯಿಲ್ಲದೆ ಜನರ ಸ್ಥಳ ಪತ್ತೆ ಮಾಡಿದ ಪ್ರಕರಣದಲ್ಲಿ 9.5 ಲಕ್ಷ ಡಾಲರ್ ದಂಡ ತೆತ್ತಿತು. ಅದರಲ್ಲಿ ಮಕ್ಕಳ ಆ್ಯಪ್‌ಗಳ ವಿಷಯವೂ ಇತ್ತು.

ಸಣ್ಣ_ಹೂಡಿಕೆ:

ಹೊರಗಿನ ದುಡ್ಡೇ ಇಲ್ಲದೆ ದೊಡ್ಡದಾದವರೂ ಇದ್ದಾರೆ, ಅದನ್ನೂ ಹೇಳಬೇಕು. ದಿವ್ಯಾಂಕ್ ತುರಖಿಯಾ ಅವರ ಜಾಹೀರಾತು ಕಂಪನಿ ಮೀಡಿಯಾ ಡಾಟ್ ನೆಟ್ ವಿಸಿ ಹಣವಿಲ್ಲದೆ ಬೆಳೆದು 2016ರಲ್ಲಿ ಸುಮಾರು 90 ಕೋಟಿ ಡಾಲರ್‌ಗೆ ಮಾರಾಟವಾಯಿತು. ಅದೇ ವರ್ಷ ಷೇರುಪೇಟೆಗೆ ಹೋದ ಜಾಹೀರಾತು ಖರೀದಿಯ ಕಂಪನಿ ದ ಟ್ರೇಡ್ ಡೆಸ್ಕ್ ತನ್ನ ಓರಗೆಯವರಿಗೆ ಹೋಲಿಸಿದರೆ ಸ್ವಲ್ಪವೇ ಷೇರು ಬಂಡವಾಳ ಎತ್ತಿತ್ತು. ಬಾಕಿ_ಲೆಕ್ಕ ಹೇಳಿದ ಅಂತರಕ್ಕೆ ಅವರು ಸಾಲದ ಸೌಲಭ್ಯ ಬಳಸಿಕೊಂಡರು. ಟರ್ಮ್ ಶೀಟ್ ಬಂತು ಅಂದಮಾತ್ರಕ್ಕೆ ತೆಗೆದುಕೊಳ್ಳಲೇಬೇಕು ಅಂತಿಲ್ಲ.

ನಾಲ್ಕನೇ_ಡ್ರಾಫ್ಟ್:

ಮೂರು ವಾರ ಆಯಿತು, ಏನಾಯಿತು ಅಂತ ಹೇಳುವುದು ನನ್ನ ಕರ್ತವ್ಯ.

ವಿಸಿ ಸಂಸ್ಥೆಯ ಸಭೆಗೆ ಈ ಸಲ ಪ್ರೆಸೆಂಟೇಶನ್ ಬದಲು ವಸೂಲಿ ಪಟ್ಟಿಯನ್ನೇ ಒಯ್ದೆ. ಹಿರಿಯ ಪಾಲುದಾರರು ಎರಡು ನಿಮಿಷ ನೋಡಿ ಬದಿಗಿಟ್ಟರು. ಅವರ ಜೊತೆ ಬಂದಿದ್ದ ಕಿರಿಯ ಹೆಣ್ಣುಮಗಳು ಮಾತ್ರ ಪಟ್ಟಿ ಹತ್ತಿರ ಎಳೆದುಕೊಂಡು, ಪೆನ್ನಿನಿಂದ 82 ಅನ್ನುವ ಅಂಕಿಗೆ ಸುತ್ತು ಹಾಕಿ, "ಇದರಲ್ಲಿ ಒಂದೇ ಏಜೆನ್ಸಿಯ ಪಾಲು ಎಷ್ಟು?" ಅಂತ ಕೇಳಿದರು. ಶೇ 46 ಅಂದೆ. ಆಮೇಲಿನ ಒಂದು ಗಂಟೆ ಮಾತೆಲ್ಲ ಅದರ ಮೇಲೇ. ನಮ್ಮ ಬೋರ್ಡಿಗೆ ಅವರೇ ಬರಬೇಕು ಅಂತ ಕೇಳಿಕೊಂಡೆವು, ಒಪ್ಪಿದರು. ಹೂಡಿಕೆಯ ಮೊತ್ತ ಕಡಿಮೆ ಮಾಡಿ, ಜೊತೆಗೆ ಇನ್‌ವಾಯ್ಸ್ ಸಾಲಕ್ಕೆ ಇಬ್ಬರ ಹತ್ತಿರ ಮಾತಾಡಿಸುತ್ತಿದ್ದಾರೆ.

ಏಜೆನ್ಸಿಯವರಿಗೆ ಫೋನ್ ಮಾಡಿ ಆಗುವುದಿಲ್ಲ ಅಂತ ನಾನೇ ಹೇಳಿದೆ. ಬೇಸರ ಮಾಡಿಕೊಂಡರು. ನಿಮ್ಮ ಉದ್ಯೋಗದಾತರಿಂದ ಒಪ್ಪಿಗೆ ಪತ್ರ ತಂದರೆ ಮತ್ತೆ ಮಾತಾಡೋಣ ಅಂದೆ, ಕರೆ ಮುಗಿಯಿತು. ಆ ಏಜೆನ್ಸಿಯಿಂದ ಬರಬೇಕಿದ್ದ ಒಂದು ಆರ್ಡರ್ ಇನ್ನೂ ಬಂದಿಲ್ಲ. ಬರದೆಯೂ ಇರಬಹುದು.

ಸಲಹೆಗಾರರ ಪುಟದಲ್ಲಿ ಈಗ ಇಬ್ಬರು. ನನ್ನ ಹಳೇ ಮ್ಯಾನೇಜರ್, ಮತ್ತೆ ಖಾಸಗಿತನದ ಕಾನೂನು ನೋಡುವ ವಕೀಲರೊಬ್ಬರು, ತಿಂಗಳಿಗೆ ನಾಲ್ಕು ಗಂಟೆ, ಎರಡು ವರ್ಷದ ವೆಸ್ಟಿಂಗ್. ಮೊದಲ ವಾರವೇ ಅವರು ನಮ್ಮ ಒಪ್ಪಿಗೆ ಪರದೆಯ ಎರಡು ವಾಕ್ಯ ಹೊಡೆದುಹಾಕಿಸಿದರು.

ಬಾಕಿ_ಲೆಕ್ಕ:

ಓದಿ ಸಮಾಧಾನವಾಯಿತು. ಆ ಶೇ 46 ಇನ್ನೂ ಭಯದ ಅಂಕಿಯೇ, ಮುಂದಿನ ಆರು ತಿಂಗಳಲ್ಲಿ 30ಕ್ಕೆ ಇಳಿಸಿ. ಮತ್ತೆ ಸೈಟಿನವರು ಫೋನ್ ಮಾಡಿದರೆ, ಕೊಡಲು ದುಡ್ಡಿಲ್ಲದ ದಿನವೂ, ಎತ್ತಿ.

ನಾಲ್ಕನೇ_ಡ್ರಾಫ್ಟ್:

ಎತ್ತುತ್ತೇವೆ ಮೇಡಂ. ಇವತ್ತು ಬೆಳಿಗ್ಗೆ ಒಂದು ಬಂದಿತ್ತು, ಅವರದ್ದು 51ನೇ ದಿನ. ಮಧ್ಯಾಹ್ನದೊಳಗೆ ಕಳಿಸಿದೆವು.